ಶಕುಂತಲಮ್ಮ ಕಳ್ಳನನ್ನು ಒಂದು ದಿನ ಉಳಿಸಿಕೊಂಡದ್ದು

ಆ ಗುರುವಾರ ಬೆಳಿಗ್ಗೆ ನಾನಿನ್ನೂ ಅಂಗಡಿಯ ಶಟರ್ ಪೂರ್ತಿ ಎತ್ತಿರಲಿಲ್ಲ, ಶಕುಂತಲಮ್ಮ ಬಗ್ಗಿ ಅದರಡಿಯಿಂದಲೇ ಒಳಗೆ ನುಗ್ಗಿದರು. ಅರವತ್ತನಾಲ್ಕು ವರ್ಷದ ಹೆಂಗಸು, ಮಂಡಿನೋವು ಬೇರೆ. ನಾನು ಗಾಬರಿಯಲ್ಲಿ ಕೈ ಬಿಟ್ಟಿದ್ದರೆ ಶಟರ್ ಅವರ ತಲೆಯ ಮೇಲೇ ಬೀಳುತ್ತಿತ್ತು.

"ವಿನುತಾ, ನನ್ನ ಮುಖ ನೋಡ್ಕೊಂಡು ಹೇಳು," ಎಂದರು. "ನಮ್ಮ ವೆಬ್‌ಸೈಟಲ್ಲಿ ಇಸ್ಪೀಟ್ ಆಡ್ತಾರೇನೇ?"

"ಬೆಳಬೆಳಗ್ಗೆ ಏನ್ ದೊಡ್ಡಮ್ಮ ಇದು! ಕಾಫಿ ಕುಡಿದ್ರಾ ಇಲ್ವಾ?"

"ಕಾಫಿ ಮನೆ ಹಾಳಾಗ್ಲಿ. ಕೇಳಿದ್ದಕ್ಕೆ ಹೇಳು."

ದೊಡ್ಡಮ್ಮ ಎಂದು ಕರೆಯುತ್ತೇನೆಂದ ಮಾತ್ರಕ್ಕೆ ಅವರು ನನಗೆ ನೆಂಟರಲ್ಲ. ಶನಿವಾರಸಂತೆಯ ಅರ್ಧ ಊರಿಗೆ ಅವರು ದೊಡ್ಡಮ್ಮ. ಹೆಣ್ಣು ಗಂಡಿನ ಮನೆಯವರಿಗೆ ಸಂಬಂಧ ಹೇಳುವುದು ಅವರ ಕೆಲಸ. ಬ್ರೋಕರ್ ಎಂದವರಿಗೆ ಗ್ರಹಚಾರ ಬಿಡಿಸುತ್ತಾರೆ, ಏಕೆಂದರೆ ದುಡ್ಡು ಮುಟ್ಟುವುದಿಲ್ಲ. ಮದುವೆ ದಿನ ಒಂದು ಎಲೆ ಊಟ, ಬರುವಾಗ ತಾಂಬೂಲದ ತೆಂಗಿನಕಾಯಿ, ಮುಗಿಯಿತು. ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಾಗ ಹಿಡಿದ ಈ ಹುಚ್ಚು ನಿವೃತ್ತಿಯಾದ ಮೇಲೆ ಪೂರ್ತಿ ತಲೆಗೇರಿತು. ಕೊಡ್ಲಿಪೇಟೆಯಿಂದ ಸೋಮವಾರಪೇಟೆಯವರೆಗೆ ನೂರಕ್ಕೂ ಮಿಕ್ಕಿ ಮನೆಗಳಲ್ಲಿ ಇವರು ಹೇಳಿದ ಸೊಸೆಯರಿದ್ದಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಅವರೆದುರು ಯಾರೂ ಹೇಳಬಾರದು. ನಾನೊಮ್ಮೆ ತಮಾಷೆಗೆ ಹೇಳಿ ವಾರಗಟ್ಟಲೆ ಅವರ ಮಾತು ಕಳೆದುಕೊಂಡಿದ್ದೆ.

ಅವರು ಹುಡುಗನನ್ನು ನೋಡುವ ಕ್ರಮವೇ ಬೇರೆ. ಹೇಳಿ ಕಳಿಸಿ ಹೋಗುವುದಿಲ್ಲ. ಅವನು ಹತ್ತುವ ಬಸ್ಸಿನ ಕಂಡಕ್ಟರನ್ನು ಕೇಳುತ್ತಾರೆ, ಅವನ ತೋಟಕ್ಕೆ ಕಾಫಿ ಕೊಯ್ಯಲು ಬರುವ ಹೆಂಗಸರನ್ನು ಕೇಳುತ್ತಾರೆ, ಕೊಟ್ಟಿಗೆಗೆ ಹೋಗಿ ಹಸುವಿನ ಮೈ ನೋಡುತ್ತಾರೆ. ಶಿವಪ್ರಕಾಶ್ ಎಂಬ ಹುಡುಗನನ್ನಂತೂ ಸಂತೆಯಲ್ಲಿ ಅವನ ಮೆಣಸಿನಕಾಯಿ ರಾಶಿಯ ಎದುರು ಕುಳಿತು ಬೆಳಗಿನಿಂದ ಸಂಜೆವರೆಗೆ ನೋಡಿದ್ದರು. ಅವನಿಗೆ ಮೂವತ್ತೇಳು ದಾಟಿತ್ತು. ಕಾಫಿ, ಶುಂಠಿ, ಮೆಣಸಿನಕಾಯಿ ಎಂದು ಮಣ್ಣಿನಲ್ಲೇ ಇರುವವನು. ಬೇಸಾಯದವನಿಗೆ ಹೆಣ್ಣು ಕೊಡುವವರಿಲ್ಲದೆ ಏಳು ವರ್ಷ ಕಳೆದಿತ್ತು. ಕಡೆಗೆ ಕೊಡ್ಲಿಪೇಟೆ ಹತ್ತಿರದ ಪರಮೇಶಪ್ಪನವರ ಮಗಳು ಶೋಭಿತಾ ಒಪ್ಪಿದ್ದಳು. ಅಂಗನವಾಡಿ ಟೀಚರ್, ಮೂವತ್ತೊಂದು ವರ್ಷ. ಬರುವ ಭಾನುವಾರ ವೀಳ್ಯಶಾಸ್ತ್ರವೆಂದು ನಿಗದಿಯೂ ಆಗಿತ್ತು.

ಇಂಥ ಹೊತ್ತಿನಲ್ಲಿ ಹಿಂದಿನ ಸಂಜೆ ಪರಮೇಶಪ್ಪನವರು ಫೋನ್ ಮಾಡಿದ್ದರಂತೆ. ನೆಂಟರಿಗೆ ಹುಡುಗನ ವಿವರ ತೋರಿಸೋಣವೆಂದು ಗೂಗಲ್‌ನಲ್ಲಿ ಅವನ ಹೆಸರು ಹುಡುಕಿ, ಶಕುಂತಲಮ್ಮನ ಸೈಟಿನ ಮೇಲೆ ಒತ್ತಿದರೆ ಬಂದದ್ದು ರಮ್ಮಿ! ರಾಜಾ, ರಾಣಿ, ಗುಲಾಮ, ಕೆಳಗೆ 'ಈಗಲೇ ಆಡಿ'. ಮನೆ ತುಂಬ ನೆಂಟರು ನೋಡುತ್ತಿದ್ದಾರೆ.

"'ಜೂಜಾಡೋನಿಗೆ ನನ್ನ ಮಗಳನ್ನ ಕಟ್ಟೋಕೆ ಹೊರಟಿದ್ರಾ ಶಕುಂತಲಮ್ಮ?' ಅಂದ್ರು ಕಣೆ," ಎಂದರು. ಅಷ್ಟು ಹೇಳಿ ನನ್ನ ಸ್ಟೂಲಿನ ಮೇಲೆ ಕುಸಿದರು. ಕಣ್ಣು ತುಂಬಿತ್ತು. ನಾನು ಅವರು ಅತ್ತದ್ದನ್ನು ಅದುವರೆಗೆ ಕಂಡಿರಲಿಲ್ಲ.

ಆ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ನನ್ನ ಬೋರ್ಡಿನಲ್ಲಿ ಜೆರಾಕ್ಸ್, ಪಹಣಿ, ಲಗ್ನಪತ್ರಿಕೆಯ ಕೆಳಗೆ ವೆಬ್‌ಸೈಟ್ ಎಂದೂ ಬರೆದಿದೆ. ಸಂತೆಯ ಊರಲ್ಲಿ ಇದೇನಪ್ಪಾ ಎಂದು ನಗುವವರಿದ್ದಾರೆ. ನಗಲಿ, ನನ್ನದೇನು ಹೋಗುತ್ತದೆ. ಹುಡುಗ ಹುಡುಗಿಯರ ಹೆಸರು, ವಯಸ್ಸು, ಊರು, ಕೆಲಸ, ಇಷ್ಟನ್ನೇ ಹಾಕಿದ ಸರಳ ಸೈಟು ಅದು. ನಾನು ತಕ್ಷಣ ಕಂಪ್ಯೂಟರಿನಲ್ಲಿ ತೆರೆದೆ. ಸರಿಯಾಗಿಯೇ ಇತ್ತು. ಶಕುಂತಲಮ್ಮ ತಮ್ಮ ಮೊಬೈಲಿನಲ್ಲಿ ತೆರೆದರು. ಅದೂ ಸರಿ. ಶಿವಪ್ರಕಾಶನ ಪುಟ ತಣ್ಣಗೆ ಕುಳಿತಿತ್ತು.

"ನೋಡಿ, ಏನೂ ಆಗಿಲ್ಲ. ಪರಮೇಶಪ್ಪನೋರು ಇನ್ನೇನೋ ಒತ್ತವ್ರೆ," ಎಂದೆ. ನನ್ನ ಕೆಲಸದಲ್ಲಿ ತಪ್ಪಿಲ್ಲವೆಂಬ ಜಂಬ ಬೇರೆ.

ಅವರು ಒಪ್ಪಲಿಲ್ಲ. "ಅವ್ರು ಸುಳ್ಳು ಹೇಳೋ ಜನ ಅಲ್ಲ. ನಮಗೆ ಒಂದು, ಅವ್ರಿಗೆ ಒಂದು ಕಾಣ್ತದೆ ಅಂದ್ರೆ ಏನೋ ಅದೆ." ಎದ್ದು ಪಕ್ಕದ ಬೇಕರಿಗೆ ಹೋಗಿ ಅಲ್ಲಿಯವರ ಫೋನ್ ಇಸಿದುಕೊಂಡು ಬಂದರು. ಪರಮೇಶಪ್ಪ ಮಾಡಿದ ಹಾಗೆಯೇ ಗೂಗಲ್‌ನಲ್ಲಿ ಹುಡುಕಿ ಒತ್ತಿದರು. ಪರದೆ ಒಂದು ಕ್ಷಣ ಬಿಳಿಯಾಯಿತು. ರಾಜಾ, ರಾಣಿ, ಗುಲಾಮ!

"ಅಯ್ಯೋ ಶಿವನೇ!" ನಾವಿಬ್ಬರೂ ಒಟ್ಟಿಗೆ ಕೂಗಿದೆವು.

ಹಿಂದಕ್ಕೆ ಹೋಗಿ ಮತ್ತೆ ಒತ್ತಿದರೆ ಸೈಟು ಸರಿಯಾಗಿ ಬಂತು. ಮೂರನೇ ಸಲವೂ ಸರಿ. ಶಕುಂತಲಮ್ಮ ಬೇಕರಿಯಲ್ಲಿ ಬನ್ ತಿನ್ನುತ್ತಿದ್ದವರ ಫೋನನ್ನೂ ಬಿಡಲಿಲ್ಲ. ಅದರಲ್ಲೂ ಮೊದಲ ಸಲ ರಮ್ಮಿ, ಎರಡನೇ ಸಲ ಸೈಟು. ನನಗೆ ಆಗ ಹೊಳೆಯಿತು. ಯಾರೋ ಸೈಟಿನ ಒಳಗೆ ಹೊಕ್ಕು ಒಂದು ಕಳ್ಳ ಪ್ರೋಗ್ರಾಂ ಕೂರಿಸಿದ್ದಾನೆ. ಗೂಗಲ್ ಮೂಲಕ, ಮೊಬೈಲಿನಲ್ಲಿ, ಮೊದಲ ಸಲ ಬರುವವರನ್ನು ಮಾತ್ರ ಅದು ಜೂಜಿನ ಕಡೆ ತಳ್ಳುತ್ತದೆ. ನೇರವಾಗಿ ತೆರೆಯುವ ನನ್ನಂಥ ಯಜಮಾನರಿಗೆ ಏನೂ ಕಾಣಿಸದು. ಮನೆಯವರಿಗೆ ಗೊತ್ತಾದರೆ ಓಡಿಸುತ್ತಾರಲ್ಲ, ಅದಕ್ಕೆ.

"ಎಷ್ಟು ಬುದ್ಧಿ ನೋಡೇ ಅವನಿಗೆ," ಎಂದರು ಶಕುಂತಲಮ್ಮ. ಕಣ್ಣೀರು ಆರಿ ಮುಖದಲ್ಲಿ ಬೇರೆಯೇ ಕಳೆ ಬಂದಿತ್ತು. "ಯಾವ ಊರೋನು?"

"ಯಾವ ದೇಶದೋನು ಅಂತ್ಲೇ ಗೊತ್ತಾಗಲ್ಲ ದೊಡ್ಡಮ್ಮ."

"ವಯಸ್ಸೆಷ್ಟಿರಬಹುದು? ಮದುವೆ ಆಗಿದ್ಯಾ?"

ನನಗೆ ಸಿಟ್ಟೂ ಬಂತು, ನಗುವೂ ಬಂತು. ಮನೆಗೆ ಕನ್ನ ಬಿದ್ದಿದೆ, ಇವರಿಗೆ ಕಳ್ಳನ ಜಾತಕ ಬೇಕು!

ಮಧ್ಯಾಹ್ನದ ಹೊತ್ತಿಗೆ ಅವನು ಹೊಕ್ಕ ಬಾಗಿಲೂ ಸಿಕ್ಕಿತು. ಸಿಕ್ಕಾಗ ನನ್ನ ತಲೆ ತಗ್ಗಿತು. ವೆಬ್‌ಸೈಟಿಗೆ ಎಲ್ಲೋ ಇರುವ ಕಂಪ್ಯೂಟರಿನಲ್ಲಿ ಜಾಗ ಬಾಡಿಗೆಗೆ ತೆಗೆದುಕೊಳ್ಳಬೇಕು. ಅಗ್ಗದ್ದೆಂದರೆ ವಠಾರದ ಹಾಗೆ, ನೂರಾರು ಜನ ಒಂದೇ ಸೂರಿನಡಿ. ನಾನು ಅಂಥದ್ದರಲ್ಲಿ ಒಂದೇ ಕೋಣೆ ಹಿಡಿದು, ಶಕುಂತಲಮ್ಮನದು, ಶುಂಠಿ ವ್ಯಾಪಾರಿಯೊಬ್ಬರದು, ಹೊಲಿಗೆ ತರಗತಿಯದು ಎಂದು ನಾಲ್ಕೈದು ಸೈಟುಗಳನ್ನು ನಡುವೆ ಗೋಡೆಯಿಲ್ಲದೆ ತುಂಬಿದ್ದೆ. ಅವುಗಳ ಜೊತೆ ನಾನು ಮರೆತೇಬಿಟ್ಟಿದ್ದ ಇನ್ನೊಂದಿತ್ತು. ಎರಡು ಸಾವಿರದ ಹದಿನೆಂಟರ ಆಗಸ್ಟಿನದು.

ಆ ಆಗಸ್ಟಿನಲ್ಲಿ ಮಡಿಕೇರಿ ಕಡೆ ಪ್ರವಾಹ ಬಂದು, ಗುಡ್ಡ ಜರಿದು ಮನೆ ಮಠ ಹೋದಾಗ ನಮ್ಮೂರಿಂದ ಅಕ್ಕಿ, ಚಾಪೆ, ಕಂಬಳಿ ಕಳಿಸುತ್ತಿದ್ದೆವು. ಎಲ್ಲಿ ರಸ್ತೆ ಮುರಿದಿದೆ, ಯಾರ ಮನೆ ಹೋಗಿದೆ, ಯಾವ ಶಿಬಿರಕ್ಕೆ ಏನು ಬೇಕು ಎಂದು ಯಾರು ಬೇಕಾದರೂ ಫೋಟೋ ಹಾಕಲೆಂದು ಒಂದೇ ಮಧ್ಯಾಹ್ನದಲ್ಲಿ ಆ ಸೈಟು ಕಟ್ಟಿದ್ದೆ. ಪಾಸ್‌ವರ್ಡ್ ಇಟ್ಟಿರಲಿಲ್ಲ. ಮನೆ ಕಳೆದುಕೊಂಡು ನಿಂತವರನ್ನು ಪಾಸ್‌ವರ್ಡ್ ಕೇಳುವುದುಂಟೇ? ಆಮೇಲೆ ಅದನ್ನು ಮುಚ್ಚಲು ಎರಡು ಸಲ ಕುಳಿತೆ. ಯಾರು ಯಾರಿಗೆ ಏನು ಕೊಟ್ಟರು ಎಂದು ನೂರಾರು ಹೆಸರಿದ್ದವು. ಅಳಿಸಲು ಕೈ ಬರಲಿಲ್ಲ. ಹಾಗೇ ಬಿಟ್ಟೆ. ಬಾಗಿಲೂ ಹಾಗೇ ತೆರೆದುಕೊಂಡಿತ್ತು. ಎರಡು ತಿಂಗಳ ಹಿಂದೆ ಅದರಲ್ಲಿ ಫೋಟೋದ ಹೆಸರಿನ ಒಂದು ಕಡತ ಬಂದು ಕುಳಿತಿದೆ, ಒಳಗೆ ಫೋಟೋ ಇಲ್ಲ, ಕಳ್ಳನಿದ್ದಾನೆ. ಅಲ್ಲಿಂದ ಎಲ್ಲ ಸೈಟುಗಳಿಗೂ ನಡೆದಾಡಿದ್ದಾನೆ.

ಇದನ್ನೆಲ್ಲ ಹೇಳಿ, "ತಪ್ಪು ನಂದೇ ದೊಡ್ಡಮ್ಮ. ಬೈಯಿರಿ," ಎಂದೆ.

ಅವರು ಬೈಯಲಿಲ್ಲ. "ಆವಾಗ ಬಾಗಿಲು ತೆಗೆದಿದ್ದು ತಪ್ಪಾ? ಮುಚ್ಚೋದು ಮರೆತೆ, ಅಷ್ಟೇ," ಎಂದರು. ಆಮೇಲೆ ಯಾವತ್ತೂ ಹೇಳದ ಮಾತೊಂದನ್ನು ಹೇಳಿದರು. "ನನ್ನ ಯಜಮಾನ್ರು ಇಸ್ಪೀಟ್ ಆಡೋರು ಕಣೆ. ಮದುವೆ ಆಗಿ ತಿಂಗಳಿಗೇ ಕಿವಿ ಓಲೆ ಹೋಯ್ತು. ಸಂಬಂಧ ಹೇಳ್ದೋನಿಗೆ ಮೊದ್ಲೇ ಗೊತ್ತಿತ್ತಂತೆ. ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ನಾನು ಈ ಕೆಲಸಕ್ಕೆ ಇಳಿದಿದ್ದು ಅದಕ್ಕೇ. ಈಗ ನನ್ನನ್ನೇ ಹಂಗಂದ್ರಲ್ಲ."

ಒಂದು ಮದುವೆ ಮುರಿಯುವುದಷ್ಟೇ ಅಲ್ಲ, ಈ ಹೆಂಗಸಿನ ಇಪ್ಪತ್ತು ವರ್ಷದ ಮಾತು ಹೋಗುತ್ತಿತ್ತು.

"ಈಗ್ಲೇ ಎಲ್ಲಾ ತೊಳೆದುಬಿಡ್ತೀನಿ," ಎಂದು ಕುರ್ಚಿ ಎಳೆದುಕೊಂಡೆ.

"ಮುಟ್ಟಬೇಡ!" ಎಂದು ನನ್ನ ಕೈ ಹಿಡಿದರು. "ತೊಳೆದುಬಿಟ್ರೆ ಪರಮೇಶಪ್ಪನೋರಿಗೆ ಏನು ತೋರಿಸ್ತೀಯ? ನೀವೇ ಇಟ್ಟಿದ್ರಿ, ಬೈದ ಮೇಲೆ ನೀವೇ ತೆಗೆದ್ರಿ ಅನ್ನಲ್ವಾ? ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದೆ. ಮೇಕೆ ಬಾಯಿ ತೊಳೆದ್ರೆ ಕೋತಿ ಸಿಕ್ತದಾ?"

ಮಾತಿಗೆ ಮಾತು ಬೆಳೆಯಿತು. ಇನ್ನೊಬ್ಬರು ಅದರಲ್ಲಿ ಸಿಕ್ಕಿಬಿದ್ದರೆ ಗತಿಯೇನು ಎಂದು ನಾನು ರೇಗಿದೆ. ಅದೂ ನಿಜ ಎಂದು ಅವರು ಯೋಚಿಸಿದರು. ಅಷ್ಟರಲ್ಲಿ ಜಾಗ ಬಾಡಿಗೆ ಕೊಟ್ಟ ಕಂಪನಿಯಿಂದ ಮೇಲ್ ಬಂತು: ನಿಮ್ಮ ಖಾತೆಯಲ್ಲಿ ಕೆಟ್ಟ ಕಡತಗಳಿವೆ, ನಾಳೆ ಮಧ್ಯಾಹ್ನ ಒಂದು ಗಂಟೆಯೊಳಗೆ ತೆಗೆಯದಿದ್ದರೆ ಎಲ್ಲವನ್ನೂ ನಿಲ್ಲಿಸುತ್ತೇವೆ. ವಠಾರದ ಯಜಮಾನನಿಗೂ ಈಗಷ್ಟೇ ಎಚ್ಚರವಾಗಿತ್ತು.

ಶಕುಂತಲಮ್ಮ ಆಗ ಒಂದು ಪ್ರಶ್ನೆ ಕೇಳಿದರು. "ಶಿವಪ್ರಕಾಶನ ಪುಟಕ್ಕೆ ಮಾತ್ರ ಹಿಂಗಾ, ಎಲ್ಲರ ಪುಟಕ್ಕೂವಾ?"

"ಎಲ್ಲರದ್ದಕ್ಕೂ."

"ಹುಡುಗೀರ ಪುಟಕ್ಕೂ?"

"ಹೂಂ ದೊಡ್ಡಮ್ಮ, ಅವನಿಗೆ ಗಂಡೇನು ಹೆಣ್ಣೇನು."

"ಹಂಗಾದ್ರೆ ಶೋಭಿತಂದು ಒಂದು ಬಿಟ್ಟು ಉಳಿದೋರ ಪುಟ ಎಲ್ಲಾ ಇಳಿಸು. ಆ ಪ್ರವಾಹದ ಬಾಗಿಲು ಮುಚ್ಚು. ಕಳ್ಳ ಒಂದು ದಿನ ಇರ್ಲಿ, ಸಾಕ್ಷಿಗೆ ಬೇಕು. ನಾಳೆ ಮೊದಲ ಬಸ್ಸಿಗೆ ಹೋಗಾಣ."

ಹಾಗೆ ಶುಕ್ರವಾರ ಬೆಳಿಗ್ಗೆ ಅಂಗಡಿಗೆ ಬೀಗ ಹಾಕಿ ಹೊರಟೆ. ಬಸ್ಸಿನಲ್ಲಿ ಶಕುಂತಲಮ್ಮ ನನ್ನ ಲ್ಯಾಪ್‌ಟಾಪ್ ಚೀಲವನ್ನು ತಮ್ಮ ಮಡಿಲಲ್ಲೇ ಇಟ್ಟುಕೊಂಡಿದ್ದರು, ಕಳ್ಳ ಅದರೊಳಗೇ ಇದ್ದು ಇಳಿದು ಓಡುತ್ತಾನೇನೋ ಎಂಬಂತೆ. ದಾರಿಯುದ್ದಕ್ಕೂ ಪ್ರಶ್ನೆಗಳು. ಒಬ್ಬರನ್ನು ರಮ್ಮಿಗೆ ತಳ್ಳಿದರೆ ಅವನಿಗೇನು ಸಿಗುತ್ತದೆ? ಅವನ ಮನೆಯವರಿಗೆ ಗೊತ್ತಿದೆಯೇ? ಅವನಿಗೆ ಕನ್ನಡ ಬರುತ್ತದೆಯೇ? ಕನ್ನಡ ಬಾರದವನು ನಮ್ಮ ಹುಡುಗರ ಹೆಸರಿನ ನಡುವೆ ಎರಡು ತಿಂಗಳು ಏನು ಮಾಡುತ್ತಿದ್ದ? ನಾನು ಗೊತ್ತಿದ್ದದ್ದನ್ನು ಹೇಳಿದೆ, ಗೊತ್ತಿಲ್ಲದ್ದಕ್ಕೆ ಕಿಟಕಿಯ ಕಡೆ ನೋಡಿದೆ.

ಪರಮೇಶಪ್ಪನವರು ಜಗಲಿಯಲ್ಲೇ ಕುಳಿತಿದ್ದರು. ಬನ್ನಿ ಎಂದರು, ಅದರಲ್ಲಿ ಬಿಸಿಯಿರಲಿಲ್ಲ. ಆದರೂ ಒಳಗಿನಿಂದ ಕಾಫಿ ಬಂತು. ಎಷ್ಟೇ ಕೋಪವಿದ್ದರೂ ಕಾಫಿ ಕೊಡದೆ ಇರುವ ಜನವಲ್ಲ.

"ನಿಮ್ಮ ಮೇಲೆ ಮರ್ಯಾದೆ ಇತ್ತು ಶಕುಂತಲಮ್ಮ," ಎಂದರು. "ವೀಳ್ಯಶಾಸ್ತ್ರ ಬೇಡ ಅಂತ ಹೇಳಿ ಕಳಿಸೋನೇ ಇದ್ದೆ. ನೀವೇ ಬಂದ್ರಿ."

"ಹೇಳೀರಂತೆ, ನಿಮ್ಮ ಮಗಳ ವಿಷ್ಯ. ಅದಕ್ಕೆ ಮುಂಚೆ ಒಂದು ಸಲ ಗೂಗಲ್‌ನಲ್ಲಿ ಶೋಭಿತನ್ನ ಹುಡುಕಿ ನಮ್ಮ ಸೈಟು ಒತ್ತಿ. ನಿಮ್ಮ ಫೋನ್ ಬೇಡ, ಅದ್ರಲ್ಲಿ ಒಂದು ಸಲ ನೋಡಿ ಆಗಿದೆ. ಅದನ್ನ ತೆರೀದೇ ಇರೋ ಫೋನ್ ಬೇಕು."

ನಾನು ಬಾಯಿ ಹಾಕಿ ವಿವರಿಸಲು ಹೋದೆ. ಶಕುಂತಲಮ್ಮ ನನ್ನ ತೊಡೆ ಚಿವುಟಿದರು. ಪರಮೇಶಪ್ಪನವರು ಅನುಮಾನದಿಂದಲೇ ಮಗಳನ್ನು ಕೂಗಿದರು. ಶೋಭಿತಾ ಅಂಗನವಾಡಿಗೆ ಹೊರಟ ಸೀರೆಯಲ್ಲೇ ಬಂದು, ತನ್ನ ಫೋನ್ ಕೊಡಲು ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಕೊಟ್ಟಳು. ಅಪ್ಪನೇ ಹುಡುಕಿದರು. ಅಪ್ಪನೇ ಒತ್ತಿದರು.

ರಾಜಾ, ರಾಣಿ, ಗುಲಾಮ. ಈಗಲೇ ಆಡಿ.

"ಏನಿದು!" ಎಂದು ಪರಮೇಶಪ್ಪನವರು ಎದ್ದೇಬಿಟ್ಟರು.

"ನಿಮ್ಮ ಮಗಳ ಪುಟ," ಎಂದರು ಶಕುಂತಲಮ್ಮ, ಧ್ವನಿ ಏರಿಸದೆ. "ಈ ಲೆಕ್ಕದಲ್ಲಿ ನಿಮ್ಮ ಮಗಳೂ ಜೂಜಾಡ್ತಾಳೆ ಅಂತ ನಾನು ಅನ್ಕೋಬೇಕಾ? ಕಳ್ಳ ಹೊಕ್ಕವ್ನೆ ಪರಮೇಶಪ್ಪನೋರೆ. ಎಲ್ಲರ ಹೆಸರಿಗೂ ಮಸಿ ಬಳಿದವ್ನೆ. ಆ ಹುಡುಗನ್ನ ನಾನು ಸಂತೆಯಲ್ಲಿ ಒಂದಿಡೀ ದಿನ ಕೂತು ನೋಡಿದೀನಿ. ಜೂಜಾಡೋ ಗಂಡನ ಜೊತೆ ಸಂಸಾರ ಮಾಡಿದೋಳು ನಾನು. ಅಂಥೋನಿಗೆ ಇನ್ನೊಬ್ಬಳನ್ನ ಕೊಡಿಸ್ತೀನಾ?"

ನಾನು ಲ್ಯಾಪ್‌ಟಾಪ್ ತೆರೆದು ಆ ಸುಳ್ಳು ಫೋಟೋ ಬಂದ ದಿನಾಂಕ ತೋರಿಸಿದೆ. ಪರಮೇಶಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿ ಬಗ್ಗಿ ನೋಡಿ, ಕಡೆಗೆ ಕೈಮುಗಿದರು. "ತಪ್ಪಾಯ್ತಮ್ಮ. ನೆಂಟರ ಮುಂದೆ ಬುದ್ಧಿ ಕೆಟ್ಟೋಯ್ತು. ಪಾಪ, ಆ ಹುಡುಗನ್ನ ಅಂದ್ಬಿಟ್ಟೆ. ನನ್ನ ಮಗಳು ಇಸ್ಪೀಟ್ ಎಲೆ ಮುಟ್ಟಿದೋಳಲ್ಲ, ಆದ್ರೂ ಅವಳ ಹೆಸರಲ್ಲಿ ಹಿಂಗೆ..."

"ಆಡ್ತೀನಪ್ಪ," ಎಂದಳು ಶೋಭಿತಾ.

ಪರಮೇಶಪ್ಪನವರು ಕನ್ನಡಕ ತೆಗೆದರು.

"ದುಡ್ಡು ಹಾಕಲ್ಲ, ಸುಮ್ನೆ. ಅಂಗನವಾಡಿಯಿಂದ ಬರ್ತಾ ಬಸ್ಸಲ್ಲಿ ಆಡ್ತೀನಿ. ಫೋನಲ್ಲೇ ಅದೆ. ಅವರ ಹೆಸರಿಗೆ ಅದು ಬಂತು ಅಂತ ನೀವು ಮದುವೆನೇ ಬೇಡ ಅಂದ್ರಿ. ಆಡೋಳು ನಾನು. ಎರಡು ದಿನದಿಂದ ಹೇಳೋಕೆ ಬಾಯಿ ಬರ್ಲಿಲ್ಲ."

ಪರಮೇಶಪ್ಪನವರು ಮಗಳ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ನಾನು ನೋಡಿದ್ದು ಶಕುಂತಲಮ್ಮನನ್ನು. ಅವರ ಮುಖ ಬಿಳಿಚಿಕೊಂಡಿತ್ತು.

"ನಾನು ಕೇಳ್ಲೇ ಇಲ್ಲ," ಎಂದರು, ತಮಗೆ ತಾವೇ. "ಇಷ್ಟು ವರ್ಷ ಗಂಡುಗಳನ್ನ ಕೇಳ್ದೆ. ಕುಡೀತೀಯಾ, ಆಡ್ತೀಯಾ, ಹೊಡೀತೀಯಾ ಅಂತ. ಒಂದು ಹುಡುಗೀನೂ ಕೂರಿಸ್ಕೊಂಡು ನೀನು ಏನಮ್ಮ, ಹೆಂಗಮ್ಮ ಅಂತ ಕೇಳ್ಲಿಲ್ಲ. ಅಪ್ಪ ಅಮ್ಮ ಏನು ಹೇಳಿದ್ರೋ ಅದನ್ನೇ ತಂದು ಹೇಳ್ದೆ. ಹುಡುಗನ ಮನೇಲಿ ಹುಡುಗಿ ಅಪ್ಪಟ ಚಿನ್ನ ಅಂತ ನಾನೇ ಹೇಳ್ಬಂದಿದೀನಿ ಕಣೆ ವಿನುತಾ."

"ಅಯ್ಯೋ ಬಸ್ಸಲ್ಲಿ ಆಡೋದು ಒಂದು ತಪ್ಪಾ ದೊಡ್ಡಮ್ಮ, ಬಿಡಿ," ಎಂದೆ.

"ತಪ್ಪೋ ಸರಿಯೋ ಅವನು ಹೇಳ್ಲಿ. ಗೊತ್ತಿದ್ದೂ ಹೇಳ್ದೆ ಇದ್ರೆ ನಾನೂ ಆ ಮುದುಕನೂ ಒಂದೇ." ಮುದುಕ ಎಂದದ್ದು ಅವರಿಗೆ ಅಂದು ಸಂಬಂಧ ಹೇಳಿದ್ದವನನ್ನು. ಫೋನ್ ತೆಗೆದರು.

"ಬೇಡ ಶಕುಂತಲಮ್ಮ," ಎಂದರು ಪರಮೇಶಪ್ಪ. ಈಗ ಬೇಡುವ ಸರದಿ ಅವರದು. "ನಾನು ಬುದ್ಧಿ ಹೇಳ್ತೀನಿ, ಬಿಡ್ತಾಳೆ. ಮೂವತ್ತೊಂದು ಆಗಿದೆ ಅವಳಿಗೆ. ಇದು ಮುರಿದ್ರೆ..."

"ಬೇಡ ಅನ್ನಬೇಡಿ ಅಪ್ಪ," ಎಂದಳು ಶೋಭಿತಾ. "ಹೇಳ್ಲಿ ಅವರು."

ಶಕುಂತಲಮ್ಮ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಆ ಕಡೆ ಮೋಟಾರಿನ ಸದ್ದು, ನೀರಿನ ಸದ್ದು. ಶಿವಪ್ರಕಾಶ್ ಎಲ್ಲೋ ತೋಟದಲ್ಲಿದ್ದ.

"ಶಿವಪ್ರಕಾಶ, ನಾನು ಶಕುಂತಲಮ್ಮ. ನಿನ್ನ ಹೆಸರಿಗೆ ಬಂದಿದ್ದ ಕಳಂಕ ಹೋಯ್ತು, ಅದನ್ನ ಆಮೇಲೆ ಹೇಳ್ತೀನಿ. ಇನ್ನೊಂದು ವಿಷ್ಯ. ಹುಡುಗಿ ಫೋನಲ್ಲಿ ಇಸ್ಪೀಟ್ ಆಡ್ತಾಳಂತೆ. ದುಡ್ಡಿಗಲ್ಲ, ಹೊತ್ತು ಹೋಗೋಕೆ. ನಂಗೆ ಈಗ ಗೊತ್ತಾಯ್ತು, ನಿಂಗೆ ಈಗ್ಲೇ ಹೇಳ್ತಿದೀನಿ. ಬೇಡ ಅಂದ್ರೆ ಬೇಡ ಅನ್ನು, ನಿನ್ನ ಮೇಲೆ ಯಾರೂ ತಪ್ಪು ಹೊರಿಸಲ್ಲ."

ಮೋಟಾರು ನಿಂತಿತು. ಪರಮೇಶಪ್ಪನವರು ಕಣ್ಣು ಮುಚ್ಚಿಕೊಂಡಿದ್ದರು. ಶೋಭಿತಾ ಫೋನನ್ನೇ ನೋಡುತ್ತಿದ್ದಳು. ನಾನು ಗಡಿಯಾರ ನೋಡಿದೆ, ಹತ್ತೂವರೆ. ಕಳ್ಳನನ್ನು ಓಡಿಸಲು ಇನ್ನೂ ಹೊತ್ತಿತ್ತು, ಆದರೆ ಕಳ್ಳ ಆಗ ಯಾರಿಗೆ ಬೇಕಾಗಿದ್ದ?

"ಅಮ್ಮಾ," ಎಂದ ಶಿವಪ್ರಕಾಶ್ ಕಡೆಗೆ, ಮೆಲ್ಲಗೆ. "ಇಷ್ಟು ದಿನ ಆಯ್ತು, ಅವರು ಟೀಚರ್ ಅನ್ನೋದು ಬಿಟ್ಟು ಅವರ ವಿಷ್ಯ ಒಂದೂ ಯಾರೂ ಹೇಳಿರ್ಲಿಲ್ಲ. ಇದೇ ಮೊದಲು. ಅವರು ಅಲ್ಲಿದ್ರೆ ಸ್ವಲ್ಪ ಫೋನ್ ಕೊಡ್ತೀರಾ?"

ಶಕುಂತಲಮ್ಮ ಸ್ಪೀಕರ್ ಆರಿಸಿ ಫೋನನ್ನು ಶೋಭಿತಳ ಕೈಗೆ ಕೊಟ್ಟರು. ಅವಳು ಅದನ್ನು ಕಿವಿಗಿಟ್ಟುಕೊಂಡು ಕಣದ ಕಡೆ ಹೋದಳು. ಪರಮೇಶಪ್ಪನವರು ಹಿಂದೆಯೇ ಏಳಲು ಹೊರಟರು.

"ಕೂತ್ಕೊಳ್ಳಿ," ಎಂದರು ಶಕುಂತಲಮ್ಮ. "ಈಗ ನಮಗೇನೂ ಕೆಲಸ ಇಲ್ಲ ಅಲ್ಲಿ."